ಹಳಿ ಕಿತ್ತ ಜಾಗದಲ್ಲಿ ಮಣ್ಣು ಕೆದಕುವ ಮುಂಚೆ

ಅಮೆರಿಕದ ಹಳೇ ರೈಲು ಮಾರ್ಗಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ವಸ್ತು ಹುಡುಕುವ ಹವ್ಯಾಸದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಇಲ್ಲಿ ನೆಲೆಸಿರುವ ಓದುಗರಿಂದ ಬಹಳ ಪ್ರಶ್ನೆ ಬಂದಿವೆ. ಒಂದೇ ಥರದವನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವಿರುವುದು ಓಹಾಯೋದಲ್ಲಿ. ಮನೆಯಿಂದ ಎರಡು ಮೈಲಿ ದೂರದಲ್ಲಿ ಒಂದು ಹಳೇ ರೈಲು ದಾರಿ ಇದೆ. ಹಳಿ ಕಿತ್ತು ಎಷ್ಟೋ ವರ್ಷ ಆಗಿದೆ, ಏರಿಯ ಮೇಲೆ ಮರ ಬೆಳೆದಿವೆ. ಬೇಲಿ ಇಲ್ಲ, ಬೋರ್ಡ್ ಇಲ್ಲ. ಸುಮ್ನೆ ಹೋಗಿ ಹುಡುಕಬಹುದು ಅಲ್ವಾ?

ದಯವಿಟ್ಟು ಹಾಗೆ ಹೋಗಬೇಡಿ. ಈ ಹವ್ಯಾಸದಲ್ಲಿ ಹೊಸಬರು ಎಡವುವುದೇ ಇಲ್ಲಿ. ಹಳಿ ಹೋದರೂ ನೆಲಕ್ಕೆ ಒಡೆಯರು ಇದ್ದೇ ಇರುತ್ತಾರೆ.

1916ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 2,54,000 ಮೈಲಿ ರೈಲು ಮಾರ್ಗ ಇತ್ತು. ಆಮೇಲೆ ಅದರಲ್ಲಿ ಒಂದು ಲಕ್ಷ ಮೈಲಿಗೂ ಜಾಸ್ತಿ ಮುಚ್ಚಿಹೋಯಿತು. ಆ ನೆಲ ಯಾರದಾಯಿತು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೆಲವು ಕಡೆ ರೈಲು ಕಂಪನಿ ಜಮೀನನ್ನೇ ಕೊಂಡುಕೊಂಡಿತ್ತು, ಅಂಥ ಕಡೆ ಅದು ಇವತ್ತಿಗೂ ಕಂಪನಿಯದು ಅಥವಾ ಕಂಪನಿಯಿಂದ ಕೊಂಡವರದು. ಇನ್ನು ಕೆಲವು ಕಡೆ ಕಂಪನಿಗೆ ಇದ್ದದ್ದು ರೈಲು ಓಡಿಸುವ ಹಕ್ಕು ಮಾತ್ರ. ಮಾರ್ಗ ಮುಚ್ಚಿದ ಮೇಲೆ ಆ ಹಕ್ಕು ಮುಗಿದು ನೆಲ ಅಕ್ಕಪಕ್ಕದ ಜಮೀನಿನವರಿಗೆ ಸೇರಿತು. 1983ರಲ್ಲಿ ಕಾನೂನು ತಿದ್ದಿದ ಮೇಲೆ ಇನ್ನೊಂದು ಬಗೆ ಬಂತು: ಮುಂದೆ ಯಾವತ್ತಾದರೂ ರೈಲು ಬೇಕಾದೀತು ಅಂತ ದಾರಿಯನ್ನು ತುಂಡಾಗದಂತೆ ಉಳಿಸಿಕೊಂಡು, ಸದ್ಯಕ್ಕೆ ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟುಕೊಡುವುದು. ನಿಮ್ಮ ದಾರಿ ಇದರಲ್ಲಿ ಯಾವುದು ಅಂತ ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ಜಮೀನು ದಾಖಲೆಯಲ್ಲಿ ಗೊತ್ತಾಗುತ್ತದೆ.

ಅದನ್ನು ನೋಡಿದ ಮೇಲೆ ಅಮೆರಿಕದ ಭೂಗರ್ಭ ಸರ್ವೆಯ ಹಳೇ ನಕ್ಷೆಗಳನ್ನು ತೆಗೆದು ಕೂತ್ಕೊಳ್ಳಿ. ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸ್ಟೇಷನ್ ಎಲ್ಲಿತ್ತು, ಇಂಜಿನ್‌ಗೆ ನೀರು ತುಂಬುವ ತೊಟ್ಟಿ ಎಲ್ಲಿತ್ತು, ಬದಿ ಹಳಿ ಎಲ್ಲಿ ಕವಲೊಡೆಯುತ್ತಿತ್ತು ಅಂತ ಹುಡುಕಿ. ಏರಿಗಿಂತ ಅದರ ಪಕ್ಕದ ಹೊಲದಲ್ಲೇ ಹೆಚ್ಚು ಸಿಗುತ್ತದೆ ಅನ್ನುವುದು ನನ್ನ ಅನುಭವ. ಆ ಹೊಲದವರ ಮನೆ ಬಾಗಿಲು ತಟ್ಟಿ. ಎಷ್ಟು ಆಳ ಅಗೆಯುತ್ತೀರಿ, ಹೇಗೆ ಮುಚ್ಚುತ್ತೀರಿ ಅಂತ ಮೊದಲೇ ಹೇಳಿ. ಸಿಕ್ಕಿದ್ದು ಯಾರಿಗೆ ಅನ್ನುವುದನ್ನೂ ಅವತ್ತೇ ಮಾತಾಡಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮೊದಲು ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೆ ಒಪ್ಪಿಗೆ ಕೊಟ್ಟವರೇ ಎಷ್ಟೋ ಸಲ ಹೊಲದಲ್ಲಿ ಜೊತೆಗೆ ನಡೆದು, ಇಲ್ಲಿ ಪ್ಲಾಟ್‌ಫಾರ್ಮ್ ಇತ್ತಂತೆ, ನಮ್ಮಜ್ಜ ಹೇಳ್ತಿದ್ದರು ಅಂತ ತೋರಿಸುತ್ತಾರೆ. ಅದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಪ್ರಶ್ನೆ: ಈಗಲೂ ರೈಲು ಓಡುವ ಮಾರ್ಗದ ಪಕ್ಕದಲ್ಲಿ ತುಕ್ಕು ಹಿಡಿದ ಹಳಿ ಮೊಳೆಗಳು ರಾಶಿ ಬಿದ್ದಿವೆ. ಯಾರಿಗೂ ಬೇಡವಾದವು. ಎರಡು ಎತ್ತಿಕೊಂಡರೆ ತಪ್ಪೇ?

ತಪ್ಪು. ಅದು ಕಂಪನಿಯ ಜಾಗ, ಕಂಪನಿಯ ಕಬ್ಬಿಣ. ಅದಕ್ಕಿಂತ ಹೆಚ್ಚಾಗಿ, ವೇಗವಾಗಿ ಬರುವ ಗೂಡ್ಸ್ ರೈಲು ಬ್ರೇಕ್ ಹಾಕಿದ ಮೇಲೂ ನಿಲ್ಲಲು ಒಂದು ಮೈಲಿಗೂ ಜಾಸ್ತಿ ಬೇಕಾಗಬಹುದು. ಕಿವಿಗೆ ಹೆಡ್‌ಫೋನ್ ಹಾಕಿ ನೆಲ ನೋಡುತ್ತಾ ನಿಂತವರಿಗೆ ಅದು ಕೇಳಿಸುವುದಿಲ್ಲ. ಅತ್ತ ಹೋಗಲೇಬೇಡಿ.

ಪ್ರಶ್ನೆ: ಅನುಮತಿ ಪಡೆದು ಹಳೇ ಸ್ಟೇಷನ್ ಜಾಗಕ್ಕೆ ಹೋದೆ. ಮೆಷಿನ್ ಹೆಜ್ಜೆ ಹೆಜ್ಜೆಗೂ ಕಿರುಚುತ್ತದೆ. ಅಗೆದರೆ ಬರೀ ಕಬ್ಬಿಣದ ಚೂರು, ಕರಿ ಕಲ್ಲು. ಮೆಷಿನ್ ಕೆಟ್ಟಿದೆಯಾ?

ಕೆಟ್ಟಿಲ್ಲ. ರೈಲು ಜಾಗ ಅಂದರೆ ಹಾಗೇ. ಮೊಳೆ, ಬೋಲ್ಟು, ತಂತಿ ತುಂಡು, ತಗಡು ಎಲ್ಲಾ ಅರ್ಧ ಅಡಿಯೊಳಗೆ ಕಲಸಿಹೋಗಿರುತ್ತವೆ. ನಿಮಗೆ ಸಿಕ್ಕಿದ ಕರಿ ಕಲ್ಲು ಕಲ್ಲಲ್ಲ, ಕಿಟ್ಟ. ಇಂಜಿನ್ ಒಲೆಯಲ್ಲಿ ಕಲ್ಲಿದ್ದಲು ಉರಿದು ಗಟ್ಟಿಯಾದದ್ದನ್ನು ಹಳಿ ಪಕ್ಕದಲ್ಲೇ ಸುರಿಯುತ್ತಿದ್ದರು. ಅದರಲ್ಲೂ ಕೆಲವು ತುಂಡು ಲೋಹದ ಥರವೇ ಸದ್ದು ಕೊಡುತ್ತವೆ.

ಮೊದಲನೆಯದಾಗಿ, ಮೆಷಿನ್ ಜೊತೆ ಬಂದ ದೊಡ್ಡ ಕಾಯ್ಲ್, ಅಂದರೆ ನೆಲದ ಮೇಲೆ ಆಡಿಸುವ ತಟ್ಟೆ, ಬಿಚ್ಚಿ ಐದಾರು ಇಂಚಿನ ಚಿಕ್ಕದನ್ನು ಹಾಕಿ. ದೊಡ್ಡದರ ಕೆಳಗೆ ಒಂದೇ ಸಲಕ್ಕೆ ನಾಲ್ಕು ಮೊಳೆ, ಒಂದು ನಾಣ್ಯ ಬಂದರೆ ಮೊಳೆಗಳ ಗಲಾಟೆಯಲ್ಲಿ ನಾಣ್ಯ ಮುಳುಗಿಹೋಗುತ್ತದೆ. ಸೆನ್ಸಿಟಿವಿಟಿ ಸ್ವಲ್ಪ ಇಳಿಸಿ. ಆಳಕ್ಕೆ ಕೇಳಿಸಬೇಕು ಅಂತ ಏರಿಸುವುದು ಸಹಜ, ಆದರೆ ಇಂಥ ನೆಲದಲ್ಲಿ ಅದರಿಂದ ಗಲಾಟೆಯೇ ಜಾಸ್ತಿ. ಕಸ ಗುಡಿಸುವ ಹಾಗೆ ಬೀಸಬೇಡಿ, ನಿಧಾನಕ್ಕೆ ಆಡಿಸಿ. ಒಳ್ಳೇ ಸದ್ದು ಬಂದರೆ ಆ ಜಾಗದ ಸುತ್ತ ಕಾಲು ಭಾಗ ಸರಿದು ನಿಂತು ಅಡ್ಡದಿಂದ ಮತ್ತೆ ಆಡಿಸಿ ನೋಡಿ. ಹಿತ್ತಾಳೆ, ತಾಮ್ರ, ಬೆಳ್ಳಿಯಾದರೆ ಸಾಮಾನ್ಯವಾಗಿ ಎರಡೂ ಕಡೆಯಿಂದ ಅದೇ ದುಂಡು ಸದ್ದು ಬರುತ್ತದೆ. ಕಬ್ಬಿಣವಾದರೆ ಒಂದು ಕಡೆ ಹಾಡಿ ಇನ್ನೊಂದು ಕಡೆ ಕರಕರ ಅನ್ನುತ್ತದೆ, ಇಲ್ಲವೇ ಸದ್ದಿನ ಜಾಗವೇ ಆಚೀಚೆ ಸರಿಯುತ್ತದೆ. ಎರಡು ಮೂರು ವಾರ ಹೀಗೆ ಕೇಳಿದರೆ ಕಿವಿ ತಾನಾಗಿ ಪಳಗುತ್ತದೆ.

ಇನ್ನು ಜಾಗ. ಜಲ್ಲಿ ಹಾಸಿದ ಕಡೆ ಬಿಟ್ಟುಬಿಡಿ. ಪ್ಲಾಟ್‌ಫಾರ್ಮ್‌ನ ಅಂಚು ಹಿಡಿಯಿರಿ. ಹಳೇ ಚಿಕ್ಕ ಸ್ಟೇಷನ್‌ಗಳಲ್ಲಿ ಎಷ್ಟೋ ಕಡೆ ಅದು ಮರದ ಹಲಗೆಯದು. ಟಿಕೆಟ್‌ಗೆ ಅಂತ ಜೇಬಿಂದ ತೆಗೆದ ನಾಣ್ಯ ಕೈ ಜಾರಿ ಹಲಗೆ ಸಂದಿಯಲ್ಲಿ ಬಿದ್ದರೆ ಮುಗೀತು, ಎತ್ತಲಾಗುತ್ತಿರಲಿಲ್ಲ. 1909ಕ್ಕೆ ನಿಂತುಹೋದ ಇಂಡಿಯನ್ ಹೆಡ್ ಸೆಂಟ್, ಆಮೇಲೆ 1958ರವರೆಗೆ ಬಂದ ಗೋಧಿ ತೆನೆಯ ಸೆಂಟ್, ನೌಕರರ ಕೋಟಿನ ಹಿತ್ತಾಳೆ ಗುಂಡಿ, ಲಗೇಜಿಗೆ ಕಟ್ಟುತ್ತಿದ್ದ ನಂಬರಿನ ಬಿಲ್ಲೆ, ಎಲ್ಲಾ ಅಲ್ಲೇ. ನೀರಿನ ತೊಟ್ಟಿ ಇದ್ದ ಕಡೆಯೂ ನೋಡಿ. ಇಂಜಿನ್‌ಗೆ ನೀರು ತುಂಬುವಷ್ಟು ಹೊತ್ತು ಜನ ಇಳಿದು ಕಾಲಾಡಿಸುತ್ತಿದ್ದರು.

ಒಂದು ಮಾತು ಮರೆಯಬೇಡಿ. ರೈಲು ದಾರಿಯ ಪಕ್ಕದಲ್ಲಿ ಕೇಬಲ್ ಹೂತಿರುವುದು ಮಾಮೂಲು. ಅಗೆಯುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿದರೆ ಬಂದು ಗುರುತು ಹಾಕಿಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಕೈಗೆ ಗವಸು ಹಾಕಿಕೊಳ್ಳಿ. ಹಳಿಯ ಅಡಿಗೆ ಅಡ್ಡ ಹಾಕುವ ಮರದ ದಿಮ್ಮಿಗೆ, ಅಂದರೆ ಸ್ಲೀಪರ್‌ಗೆ, ಕೊಳೆಯದಿರಲಿ ಅಂತ ಹಚ್ಚುತ್ತಿದ್ದ ಕ್ರಿಯೋಸೋಟ್ ಎಣ್ಣೆ, ಕಳೆ ಸಾಯಲಿ ಅಂತ ಸಿಂಪಡಿಸಿದ ಆರ್ಸೆನಿಕ್ ಆ ಮಣ್ಣಲ್ಲಿ ಇನ್ನೂ ಇರಬಹುದು. ಕೈ ತೊಳೆಯದೆ ಏನೂ ತಿನ್ನಬೇಡಿ.

ಪ್ರಶ್ನೆ: ಎರಡೂವರೆ ಇಂಚಿನ ಒಂದು ಮೊಳೆ ಸಿಕ್ಕಿದೆ. ತಲೆಯ ಮೇಲೆ 27 ಅಂತ ಉಬ್ಬಿದ ಅಂಕಿ ಇದೆ. ಅಳತೆಯ ನಂಬರಾ?

ಅಳತೆ ಅಲ್ಲ, ಇಸವಿ! 1927. ಇದಕ್ಕೆ ಡೇಟ್ ನೇಲ್ ಅಂತಾರೆ. ನನಗೆ ಬೆಳ್ಳಿ ನಾಣ್ಯಕ್ಕಿಂತ ಇದು ಸಿಕ್ಕಾಗ ಖುಷಿ ಜಾಸ್ತಿ.

ಮರದ ಸ್ಲೀಪರ್ ಬೇಗ ಕೊಳೆಯುತ್ತಿತ್ತು. ಎಣ್ಣೆ ಹಚ್ಚಿದರೆ ಎಷ್ಟು ವರ್ಷ ಜಾಸ್ತಿ ಬಾಳುತ್ತದೆ ಅಂತ ಲೆಕ್ಕ ಬೇಕಿತ್ತು. ಅದಕ್ಕೆ ಸ್ಲೀಪರ್ ಹಾಕಿದ ವರ್ಷವನ್ನು ಮೊಳೆಯ ತಲೆ ಮೇಲೆ ಅಚ್ಚೊತ್ತಿ ಸ್ಲೀಪರ್‌ಗೇ ಹೊಡೆದುಬಿಡುತ್ತಿದ್ದರು. ಸ್ಲೀಪರ್ ಬದಲಿಸುವಾಗ ಮೊಳೆ ನೋಡಿದರೆ ಸಾಕು, ವಯಸ್ಸು ಗೊತ್ತಾಗುತ್ತಿತ್ತು. ಅಮೆರಿಕದಲ್ಲಿ ಇದನ್ನು ಶುರು ಮಾಡಿಸಿದ್ದು ಇಂಜಿನಿಯರ್ ಆಕ್ಟೇವ್ ಷಾನೂಟ್ ಅನ್ನುತ್ತಾರೆ, ರೈಟ್ ಸಹೋದರರಿಗೆ ವಿಮಾನದ ವಿಷಯದಲ್ಲಿ ಬೆನ್ನು ತಟ್ಟಿದವರೂ ಅವರೇ. ಹೆಚ್ಚಾಗಿ ಸತು ಲೇಪ ಇರುವುದರಿಂದ ಸುತ್ತಲಿನ ಮೊಳೆಗಳೆಲ್ಲ ಪುಡಿಯಾಗಿದ್ದರೂ ಇದು ಉಳಿದಿರುತ್ತದೆ.

ನಿಮ್ಮ ಮೊಳೆ ಹೇಳುವುದು ಇಷ್ಟೇ: 1927ರಲ್ಲಿ ಆ ಜಾಗದಲ್ಲಿ ಯಾರೋ ಹೊಸ ಸ್ಲೀಪರ್ ಹಾಕಿದರು, ಅಂದರೆ ಆಗ ಆ ಮಾರ್ಗದ ಮೇಲೆ ದುಡ್ಡು ಖರ್ಚು ಮಾಡುತ್ತಿದ್ದರು. ಹಳಿಯ ತುಂಡು ಸಿಕ್ಕರೆ ಅದರ ಪಕ್ಕೆಯನ್ನೂ ಉಜ್ಜಿ ನೋಡಿ. ತಯಾರಿಸಿದ ಕಾರ್ಖಾನೆ, ಇಸವಿ, ಅದರ ಮುಂದೆ ತಿಂಗಳಿಗೊಂದರಂತೆ ಗೆರೆಗಳು ಇರುತ್ತವೆ. ಆರು ಗೆರೆ ಇದ್ದರೆ ಜೂನ್.

ಇನ್ನೊಬ್ಬರು ಒಂದಡಿ ಉದ್ದದ ಮೊಟ್ಟೆಯಾಕಾರದ ದಪ್ಪ ಕಬ್ಬಿಣದ ಬಳೆಯ ಫೋಟೋ ಕಳಿಸಿದ್ದಾರೆ. ಅದು ಎರಡು ಬೋಗಿಗಳನ್ನು ಸೇರಿಸುತ್ತಿದ್ದ ಕೊಂಡಿ. ಬೋಗಿಗಳು ಹತ್ತಿರ ಬರುವಾಗ ಒಬ್ಬ ಮನುಷ್ಯ ಮಧ್ಯೆ ನಿಂತು ಈ ಕೊಂಡಿಯನ್ನು ಕೈಯಲ್ಲಿ ಹಿಡಿದು ಗೂಡಿಗೆ ತೂರಿಸಿ, ಮೇಲಿಂದ ಪಿನ್ ಬಿಡಬೇಕಿತ್ತು. ಕ್ಷಣ ತಡವಾದರೆ ಬೆರಳು ಹೋಗುತ್ತಿತ್ತು, ಎಷ್ಟೋ ಸಲ ಜೀವವೇ. 1893ರಲ್ಲಿ ತಾನಾಗಿ ಸೇರಿಕೊಳ್ಳುವ ಕೊಂಡಿ ಕಡ್ಡಾಯ ಅಂತ ಕಾನೂನಾಯಿತು, 1900ರಲ್ಲಿ ಪೂರ್ತಿ ಜಾರಿಗೆ ಬಂತು. ಕಾಡಿನಿಂದ ಮರ ಸಾಗಿಸುವ ಚಿಕ್ಕ ಮಾರ್ಗಗಳಲ್ಲಿ ಆಮೇಲೂ ಸ್ವಲ್ಪ ಕಾಲ ಹಳೇದೇ ಇತ್ತು. ಅದನ್ನು ಕೈಯಲ್ಲಿ ಹಿಡಿದಾಗ ಒಮ್ಮೆ ತೂಕ ನೋಡಿ. ಚಳಿಗಾಲದ ರಾತ್ರಿ, ಲಾಟೀನಿನ ಬೆಳಕಲ್ಲಿ, ಗವಸು ಹಾಕಿದ ಕೈಯಲ್ಲಿ ಇದನ್ನು ಎತ್ತಿ ಹಿಡಿದವರ ಕೆಲಸ ಎಂಥದ್ದಿತ್ತು ಅಂತ ಗೊತ್ತಾಗುತ್ತದೆ.

ಪ್ರಶ್ನೆ: ರಜೆಗೆ ಯೂಟಾಕ್ಕೆ ಹೋಗುತ್ತಿದ್ದೇವೆ. ಖಂಡದ ಎರಡು ತುದಿ ಸೇರಿಸಿದ ಮೊದಲ ರೈಲು ಮಾರ್ಗದ ಹಳೇ ದಾರಿಯಲ್ಲಿ ಡಿಟೆಕ್ಟರ್ ಆಡಿಸಬಹುದೇ? ಮರುಭೂಮಿ, ಯಾರೂ ಇರುವುದಿಲ್ಲವಂತೆ.

ದಾರಿ ನೋಡಲು ಖಂಡಿತ ಹೋಗಿ, ಡಿಟೆಕ್ಟರ್ ಮನೆಯಲ್ಲೇ ಬಿಡಿ. 1869ರ ಮೇ 10ರಂದು ಪ್ರಾಮಂಟರಿ ಸಮ್ಮಿಟ್‌ನಲ್ಲಿ ಎರಡು ಕಡೆಯ ಹಳಿ ಸೇರಿದ ಜಾಗ ಈಗ ರಾಷ್ಟ್ರೀಯ ಉದ್ಯಾನ ವ್ಯವಸ್ಥೆಯಲ್ಲಿದೆ. ಅಲ್ಲಿ ಡಿಟೆಕ್ಟರ್ ಬಳಸುವಂತೆಯೇ ಇಲ್ಲ. ಅಲ್ಲಿಂದ ಪಶ್ಚಿಮಕ್ಕೆ ಮರುಭೂಮಿಯಲ್ಲಿ ಹೋಗುವ ಹಳೇ ದಾರಿ ಬಹುಪಾಲು ಕೇಂದ್ರ ಸರ್ಕಾರದ ನೆಲ. ಅಂಥ ನೆಲದಲ್ಲಿ ನೂರು ವರ್ಷ ದಾಟಿದ ಪುರಾತತ್ವದ ವಸ್ತುಗಳನ್ನು ಪರವಾನಗಿ ಇಲ್ಲದೆ ಅಗೆದು ತೆಗೆಯುವುದು 1979ರ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಆಗಬಹುದು. ಹಾನಿ 500 ಡಾಲರ್ ಮೀರಿದರೆ ಎರಡೂ ದುಪ್ಪಟ್ಟು.

ಆದರೆ ನಾನು ಬೇಡ ಅನ್ನುವುದು ದಂಡಕ್ಕೆ ಹೆದರಿ ಅಲ್ಲ. ಆ ದಾರಿಯಲ್ಲಿ ಟೆರೇಸ್ ಅಂತ ಒಂದು ಊರಿತ್ತು. ರೈಲು ಕಂಪನಿಯ ರಿಪೇರಿ ಕಾರ್ಖಾನೆ ಅಲ್ಲಿತ್ತು, ಚೀನೀ ಕೆಲಸಗಾರರ ಕೇರಿಯೂ ಇತ್ತು. 1904ರಲ್ಲಿ ಉಪ್ಪಿನ ಸರೋವರದ ಮೇಲಿಂದಲೇ ಹೊಸ ಮಾರ್ಗ ಆಯಿತು, ಈ ಕಡೆ ಓಡಾಟ ಕಮ್ಮಿ ಆಯಿತು. 1942ರಲ್ಲಿ ಯುದ್ಧಕ್ಕೆ ಕಬ್ಬಿಣ ಬೇಕು ಅಂತ ಹಳಿಯನ್ನೂ ಕಿತ್ತರು. ಆ ಮೊದಲ ಮಾರ್ಗ ಕಟ್ಟಿದ ಚೀನೀ ಕೆಲಸಗಾರರು ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಒಬ್ಬರು ಬರೆದ ಒಂದು ಕಾಗದವೂ, ಒಂದು ದಿನಚರಿಯೂ ಇದುವರೆಗೆ ಸಿಕ್ಕಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಸಂಬಳದ ಪುಸ್ತಕದಲ್ಲೂ ಎಷ್ಟೋ ಕಡೆ ಮೇಸ್ತ್ರಿಯ ಹೆಸರು ಮಾತ್ರ. ಉಳಿದಿರುವುದು ಮಣ್ಣಲ್ಲಿರುವ ಬಟ್ಟಲಿನ ಚೂರು, ಚೌಕ ತೂತಿನ ನಾಣ್ಯ, ಒಲೆ ಉರಿದ ಗುರುತು. ಒಂದು ನಾಣ್ಯ ಯಾವ ಒಲೆಯ ಪಕ್ಕ ಬಿದ್ದಿತ್ತು ಅನ್ನುವುದೇ ಅವರ ಬಗ್ಗೆ ನಮಗೆ ಸಿಗುವ ಸುದ್ದಿ. ಅದನ್ನು ಜೇಬಿಗೆ ಹಾಕಿಕೊಂಡರೆ ಸುದ್ದಿ ಹೋಯಿತು, ನಾಣ್ಯ ಮಾತ್ರ ಉಳಿಯಿತು.

ಪ್ರಶ್ನೆ: ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಚಪ್ಪಟೆ ಪೊಟ್ಟಣ, ಎರಡು ಕಡೆ ಸೀಸದ ಪಟ್ಟಿ. ಇದೇನು? ಬಿಚ್ಚಿ ನೋಡಲಾ?

ಬಿಚ್ಚಬೇಡಿ! ಉಜ್ಜಬೇಡಿ, ಅಲುಗಿಸಲೂ ಬೇಡಿ. ಅದು ಹಳಿ ಮೇಲೆ ಕಟ್ಟುವ ಸಿಡಿಮದ್ದು ಇರಬಹುದು, ಇಲ್ಲಿ ಟಾರ್ಪಿಡೊ ಅನ್ನುತ್ತಾರೆ. ಚಕ್ರ ಹತ್ತಿದಾಗ ಢಂ ಅಂತ ಸಿಡಿದು ಮುಂದೆ ಅಪಾಯ ಇದೆ ಅಂತ ಡ್ರೈವರ್‌ಗೆ ಹೇಳುವುದಕ್ಕೆ ಮಾಡಿದ್ದು. ಎಷ್ಟು ಹಳೇದಾದರೂ ಸಿಡಿಯಬಹುದು. ಇದ್ದಲ್ಲೇ ಬಿಟ್ಟು ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ. ಮನೆಯೊಳಗೆ ತಂದಿಟ್ಟಿದ್ದರೆ ಈಗಲೇ ಎಲ್ಲರೂ ಹೊರಗೆ ಬಂದು ಫೋನ್ ಮಾಡಿ.

ಪ್ರಶ್ನೆ: ತುಕ್ಕು ತೆಗೆಯುವುದು ಹೇಗೆ? ಬೀಗದ ಕೈಯೊಂದು ಹಸಿರುಗಟ್ಟಿದೆ, ಹುಣಸೆ ಹುಳಿ ಹಾಕಿ ತಿಕ್ಕಲೇ?

ಹಿತ್ತಾಳೆಗೆ ಹುಳಿ ಬೇಡ. ಹೊಳಪು ಬರುತ್ತದೆ, ಜೊತೆಗೆ ಮೇಲೆ ಒತ್ತಿದ ರೈಲು ಕಂಪನಿಯ ಅಕ್ಷರವೂ ಸವೆಯುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಒಂದೆರಡು ದಿನ ನೆನೆಸಿ, ಮರದ ಕಡ್ಡಿಯಿಂದ ಮಣ್ಣು ಬಿಡಿಸಿ, ಸಾಕು. ಆ ಹಸಿರು ಅಲ್ಲೇ ಇರಲಿ.

ಕಬ್ಬಿಣಕ್ಕೆ ಎಲೆಕ್ಟ್ರಾಲಿಸಿಸ್ ಒಳ್ಳೇದು. ಪ್ಲಾಸ್ಟಿಕ್ ಬಕೆಟ್ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ, 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ನಿಮ್ಮ ವಸ್ತುವಿಗೆ, ಪಾಸಿಟಿವ್ ತಂತಿಯನ್ನು ಗುಜರಿ ಕಬ್ಬಿಣದ ತುಂಡಿಗೆ ಕಟ್ಟಿ. ಎರಡೂ ಒಂದಕ್ಕೊಂದು ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಗಾಳಿಯಾಡುವ ಹೊರಗಿನ ಜಾಗದಲ್ಲೇ ಮಾಡಿ. ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಿ. ಆಮೇಲೆ ತೊಳೆದು, ಚೆನ್ನಾಗಿ ಒಣಗಿಸಿ, ಮೇಣ ಸವರಿ.

ಪ್ರಶ್ನೆ: ಸಿಕ್ಕಿದ ಜಾಗ ಬರೆದಿಡಿ ಅಂತ ಹೋದ ಸಲ ಬರೆದಿದ್ದಿರಿ. ನಾಲ್ಕು ಗುಂಡಿ, ಎರಡು ಮೊಳೆಗೆ ಅಷ್ಟೆಲ್ಲಾ ಬೇಕಾ?

ಬೇಕು. ನಾನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಶುರುವಿನಲ್ಲಿ ನಾನೇ ಬರೆದಿಡಲಿಲ್ಲ. ಇಲಿನಾಯ್‌ನ ಒಂದು ಹೊಲದಲ್ಲಿ ಎರಡು ವಾರಾಂತ್ಯ ಹುಡುಕಿ ಗುಂಡಿ, ನಾಣ್ಯ, ಒಂದು ಸಿಗ್ನಲ್ ಬೀಗದ ಕೈ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದ್ದೆ. ಮಾತು ಕೊಟ್ಟಂತೆ ಆ ಹೊಲದವರಿಗೆ ತೋರಿಸಲು ಅವರ ಊಟದ ಮೇಜಿನ ಮೇಲೆ ಸುರಿದೆ. ಅವರ ತಾಯಿ ಬಂದು ಕೂತು ಒಂದೊಂದನ್ನೇ ಮುಟ್ಟಿ ನೋಡಿದರು. ಆ ತಾಯಿಯ ತಂದೆ ಅದೇ ಸ್ಟೇಷನ್ನಿನ ನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದರಂತೆ. ಇದರಲ್ಲಿ ತೊಟ್ಟಿ ಕಡೆ ಸಿಕ್ಕಿದ್ದು ಯಾವುದು ಅಂತ ಕೇಳಿದರು. ನನಗೆ ಹೇಳಲಾಗಲಿಲ್ಲ. ಅವರು ಮತ್ತೆ ಕೇಳಲಿಲ್ಲ, ಬೀಗದ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೆಳಗಿಟ್ಟರು.

ಈಗ ಜೇಬಲ್ಲಿ ಚಿಕ್ಕ ಕಾಗದದ ಕವರ್ ಕಟ್ಟು ಇರುತ್ತದೆ. ಒಂದು ವಸ್ತುವಿಗೆ ಒಂದು ಕವರ್. ಮೇಲೆ ತಾರೀಖು, ಎಷ್ಟು ಇಂಚು ಆಳ, ಅಲುಗಾಡದ ಒಂದು ಗುರುತಿನಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ. ಗುರುತಿಗೆ ನಾನು ಹಳೇ ಮೋರಿಯ ಕಲ್ಲನ್ನು ಹಿಡಿಯುತ್ತೇನೆ, ಹಳಿ ಹೋದರೂ ಮೋರಿ ಉಳಿದಿರುತ್ತದೆ. ಫೋನಿನ ಜಿಪಿಎಸ್ ಇದ್ದರೆ ಅದನ್ನೂ ಬರೆಯಿರಿ, ಆದರೆ ಅದು ಹತ್ತು ಹದಿನೈದು ಅಡಿ ಆಚೀಚೆ ಆಗುತ್ತದೆ, ಹೆಜ್ಜೆ ಲೆಕ್ಕ ಬಿಡಬೇಡಿ. ವರ್ಷದ ಕೊನೆಗೆ ಒಂದು ಹಾಳೆಯಲ್ಲಿ ನಕ್ಷೆ ಬರೆದು ಜಮೀನಿನವರಿಗೆ ಒಂದು ಪ್ರತಿ, ಅವರು ಒಪ್ಪಿದರೆ ಕೌಂಟಿಯ ಇತಿಹಾಸ ಸಂಘಕ್ಕೆ ಒಂದು ಪ್ರತಿ ಕೊಡಿ. ಕವರ್ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ.