ಮಾಸಿನ ಮಾತಿಗೆ ಕೋತಿಯ ಸಾಕ್ಷಿ ಸಾಲದು

'ಮಗುವಿನ ದೊಡ್ಡ ಮಿದುಳಿಗಾಗಿಯೇ ಮನುಷ್ಯರ ಮಾಸು (ಪ್ಲಾಸೆಂಟಾ) ಗರ್ಭಕೋಶದಲ್ಲಿ ಆಳಕ್ಕೆ ಇಳಿಯುತ್ತದೆ. ಬಸುರಿಯ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಕಾಯಿಲೆ ನಮಗಷ್ಟೇ ಬರುವುದೂ ಅದಕ್ಕೇ. ಇದನ್ನು ತಿಳಿಯಲು ರೀಸಸ್ ಕೋತಿ ಸಾಲದೇ?' ಎಂದು ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ.

ಪ್ರಶ್ನೆ ಚುರುಕಾಗಿದೆ, ಸ್ವಾಮಿ. ಉತ್ತರವನ್ನು ನೀವೇ ಮೊದಲು ಬರೆದುಕೊಂಡು ಕೇಳಿದ್ದೀರಿ, ಅದೇ ತಕರಾರು.

ರೀಸಸ್ ಕೋತಿಯ ಬಸಿರು ಸುಮಾರು 165 ದಿನ. ಅದರಲ್ಲೂ ತಾಯಿಯ ರಕ್ತವೇ ಮಾಸನ್ನು ತೋಯಿಸುತ್ತದೆ. ಅಷ್ಟು ಉಪಕಾರ ಒಪ್ಪೋಣ. ಆದರೆ ಅದರ ಭ್ರೂಣ ಗರ್ಭಕೋಶದ ಒಳಪೊರೆಯ ಮೇಲೆ ಅಂಟಿ ನಿಲ್ಲುತ್ತದೆ, ಮಾಸು ಎದುರುಬದುರು ಎರಡು ಬಿಲ್ಲೆಗಳಾಗುತ್ತದೆ. ನಮ್ಮ ಭ್ರೂಣ 6-7ನೇ ದಿನ ಅಂಟಿ, 10ನೇ ದಿನದ ಹೊತ್ತಿಗೆ ಒಳಪೊರೆಯಲ್ಲಿ ಹೂತೇಹೋಗುತ್ತದೆ, ಬಿಲ್ಲೆ ಒಂದೇ. ಮಾಸನ್ನು ಕಟ್ಟುವ ಟ್ರೋಫೋಬ್ಲಾಸ್ಟ್ ಕೋಶಗಳು ಒಳಕ್ಕಿಳಿಯಲು ಎರಡು ದಾರಿ: ತಾಯಿಯ ಸುರುಳಿ ಅಪಧಮನಿಗಳ ಒಳಗಿನಿಂದ ಒಂದು, ಸುತ್ತಲಿನ ಅಂಗಾಂಶ ಹೊಕ್ಕು ಇನ್ನೊಂದು. ರೀಸಸ್‌ನಲ್ಲಿ ಎರಡನೆಯದು ನಡೆಯುವುದು ತೀರ ಕಡಿಮೆ. ನಮ್ಮಲ್ಲಿ ಎರಡೂ ಸೇರಿ ಗರ್ಭಕೋಶದ ಸ್ನಾಯುವಿನ ಒಳ ಮೂರನೇ ಒಂದು ಭಾಗದವರೆಗೆ ತಲುಪುತ್ತವೆ. ಅಪಧಮನಿಯ ಸ್ನಾಯು ಕರಗಿ ಬಾಯಿ ಅಗಲವಾಗುತ್ತದೆ, ರಕ್ತ ನಿಧಾನವಾಗಿ ತುಂಬುತ್ತದೆ. ಈ ಕೆಲಸ ಅರ್ಧಕ್ಕೆ ನಿಂತರೆ ಬಾಯಿ ಕಿರಿದಾಗಿಯೇ ಉಳಿದು, ರಕ್ತ ಪಿಚಕಾರಿಯಂತೆ ಚಿಮ್ಮಿ ಮಾಸನ್ನು ಘಾಸಿಗೊಳಿಸುತ್ತದೆ. 20 ವಾರ ದಾಟಿದ ಮೇಲೆ ತಾಯಿಯ ರಕ್ತದೊತ್ತಡ 140/90 ಮುಟ್ಟುವ ಪ್ರಿಎಕ್ಲಾಂಪ್ಸಿಯಾದ ಹಿಂದೆ ಹಲವು ಸಲ ಇರುವುದು ಇದೇ.

ಇನ್ನು ಮಿದುಳು. ಗೊರಿಲ್ಲಾದ ಮಿದುಳು ನಮ್ಮದರ ಮೂರನೇ ಒಂದು ಪಾಲಿನಷ್ಟು. ಆದರೂ ಗೊರಿಲ್ಲಾ, ಚಿಂಪಾಂಜಿ ಎರಡರಲ್ಲೂ ಮಾಸು ಹೀಗೇ ಆಳಕ್ಕಿಳಿಯುತ್ತದೆಂದು ಮಾಸಿನ ಸಂಶೋಧಕರಾದ ಪೈನೆನ್‌ಬೋರ್ಗ್, ಕಾರ್ಟರ್ ಮುಂತಾದವರು ಹಳೆಯ ಸ್ಲೈಡುಗಳಲ್ಲಿ ಕಂಡರು. ಪ್ರಿಎಕ್ಲಾಂಪ್ಸಿಯಾದಂಥ ಕಾಯಿಲೆಯೂ ಎರಡರಲ್ಲೂ ವರದಿಯಾಗಿದೆ. ನಿಮ್ಮ ಊರಿನ ಕುರುಚಲು ಕಾಡಿನ ಕಾಡುಪಾಪವೂ ಕೋತಿ, ಮನುಷ್ಯರ ಗುಂಪಿನ ಪ್ರೈಮೇಟೇ; ಅದರ ಮಾಸು ಹಂದಿ, ಕುದುರೆಗಳದರಂತೆ ತಾಯಿಯ ಪೊರೆಯನ್ನು ಹರಿಯುವುದೇ ಇಲ್ಲ! ಪಠ್ಯಪುಸ್ತಕಗಳು ಮಾತ್ರ ಒಂದೇ ಚಿತ್ರ ಹಾಕಿ ಕೈತೊಳೆದುಕೊಳ್ಳುತ್ತವೆ.

ಹಸುವಿನ ಮಾಸಿಗೆ ನಾವಿಟ್ಟ ಇನ್ನೊಂದು ಹೆಸರು 'ಕಸ'. ಆಸ್ಪತ್ರೆಯಲ್ಲಿ ಅರ್ಧ ಕಿಲೋ ತೂಗುವ ಮನುಷ್ಯರ ಮಾಸೂ ಹಳದಿ ಚೀಲಕ್ಕೆ ಹೋಗುತ್ತದೆ. ಹೋಗಲಿ, ಹೆರಿಗೆಯಲ್ಲಿ ಬಿದ್ದ ಮಾಸಿನೊಂದಿಗೆ ಗರ್ಭಕೋಶದ ಸ್ನಾಯು ಹೇಗೂ ಬರುವುದಿಲ್ಲ, ಎಷ್ಟು ಆಳಕ್ಕಿಳಿದಿತ್ತೆಂದು ಅದು ಹೇಳಲಾರದು. ಆದರೆ ಮೃಗಾಲಯದಲ್ಲಿ ಗೊರಿಲ್ಲಾ, ಚಿಂಪಾಂಜಿಯಂಥ ಬಸುರಿ ವಾನರ ಸತ್ತಾಗ ಗರ್ಭಕೋಶವನ್ನು ಮಾಸಿನ ಸಮೇತ ಕೊಳೆಯದಂತೆ 10% ಫಾರ್ಮಲಿನ್‌ನಲ್ಲಿ ಇಡಲು ಖರ್ಚೆಷ್ಟು? ಸೂಕ್ಷ್ಮದರ್ಶಕದಲ್ಲಿ ನೋಡಲು ತುಂಡು ತೆಗೆಯುವಾಗ ಬಿಲ್ಲೆಯ ನಡುವಿನಿಂದ ಸ್ನಾಯುವಿನವರೆಗೆ ನೇರ ಸೀಳಬೇಕು. ಅಂಚಿನದನ್ನು ತೆಗೆದರೆ ಆರೋಗ್ಯವಂತ ಮಾಸೂ ರೋಗದ್ದೆಂದೇ ಕಂಡೀತು. ಅಲ್ಲಿ ಅಪಧಮನಿಗಳು ಮಾರ್ಪಡುವುದು ಯಾವಾಗಲೂ ಕಡಿಮೆ.

– ಸಂ.