ಮಾರ್ಟಿನ್ ಲೂಥರ್ ಕಿಂಗ್ ಅವರ 'ನನಗೊಂದು ಕನಸಿದೆ' ಭಾಷಣ ಅಷ್ಟು ಪರಿಣಾಮಕಾರಿಯಾಗಲು ಕಾರಣವೇನು?
ಎಲ್ಲರೂ ಕನಸಿನ ಸಾಲುಗಳನ್ನೇ ನೆನೆಯುತ್ತಾರೆ. ನನ್ನ ಪ್ರಕಾರ ಈ ಭಾಷಣದ ಬೆನ್ನೆಲುಬು ಇರುವುದು ಮೊದಲರ್ಧದ ಚೆಕ್ಕಿನ ರೂಪಕದಲ್ಲಿ.

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ನಿಂತು ಕಿಂಗ್ ಹೇಳಿದ್ದಿಷ್ಟು: ಸ್ವಾತಂತ್ರ್ಯ ಘೋಷಣೆ ಮತ್ತು ಸಂವಿಧಾನವನ್ನು ಬರೆದವರು ಪ್ರತಿಯೊಬ್ಬ ಅಮೆರಿಕನ್ ಪ್ರಜೆಗೂ ಬದುಕು, ಸ್ವಾತಂತ್ರ್ಯಗಳ ಹಕ್ಕಿನ ಸಾಲಪತ್ರ ಬರೆದುಕೊಟ್ಟಿದ್ದರು; ಕಪ್ಪು ಜನರ ಪಾಲಿಗೆ ಮಾತ್ರ ಆ ಚೆಕ್ಕು 'ಖಾತೆಯಲ್ಲಿ ಹಣವಿಲ್ಲ' ಎಂದು ವಾಪಸಾಗಿದೆ. ಈ ಒಂದೇ ರೂಪಕ ಇಡೀ ಸಂಬಂಧವನ್ನು ತಿರುಗಿಸಿಬಿಡುತ್ತದೆ. ಅವರು ದಯೆ ಬೇಡುತ್ತಿಲ್ಲ, ಬಾಕಿ ಕೇಳಲು ಬಂದಿದ್ದಾರೆ. ಆ ದಾಖಲೆಗಳನ್ನು ಗೌರವಿಸುವ ಯಾವ ಬಿಳಿಯ ಕೇಳುಗನೂ ಅವನ್ನು ತಳ್ಳಿಹಾಕದೆ ಕಿಂಗ್ ಮಾತನ್ನು ತಳ್ಳಿಹಾಕುವಂತಿಲ್ಲ. ಎಂಥ ಬಿಗಿಯಾದ ವಾದ!

ಆರಂಭದಲ್ಲೇ ಬರುವ ಒಂದು ವಾಕ್ಯ, ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ ಅಧ್ಯಕ್ಷ ಲಿಂಕನ್ನರ ಹೆಸರಾಂತ ಗೆಟ್ಟಿಸ್‌ಬರ್ಗ್ ಭಾಷಣದ ಧಾಟಿಯಲ್ಲಿದೆ. ಬೆನ್ನಿಗೇ, ಆ ಘೋಷಣೆಯಾಗಿ 'ನೂರು ವರ್ಷಗಳಾದ ಮೇಲೂ' ಎಂಬ ಮಾತು ಮತ್ತೆ ಮತ್ತೆ ಬಂದು ಬಡಿಯುತ್ತದೆ.

ಕನಸಿನ ಭಾಗವಂತೂ ಅಂದು ಅವರ ಕೈಯಲ್ಲಿದ್ದ ಪ್ರತಿಯಲ್ಲೇ ಇರಲಿಲ್ಲ. ಅದೇ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಆಡಿದ್ದ ಮಾತನ್ನು ಇಲ್ಲಿ ಮತ್ತೆ ಎತ್ತಿಕೊಂಡರು. ಅಲ್ಲಿಂದ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಬೋಧಕರ ಲಯ ಶುರು: ಪಲ್ಲವಿ ಅದೇ, ಆದರೆ ಜಾರ್ಜಿಯಾ, ಮಿಸಿಸಿಪ್ಪಿ, ಅಲಬಾಮ ಎಂದು ನೆಲ ಬದಲಾಗುತ್ತ ಹೋಗುತ್ತದೆ. ಆ ರಾಜ್ಯಗಳಿಂದಲೇ ಬಂದು ನಿಂತಿದ್ದವರಿಗೆ ಸಮಾನತೆ ಎಂಬುದು ತಮ್ಮೂರಿನ ಮಾತಾಗಿ ಕೇಳಿಸಿತು.