ಕೊಳದಲ್ಲಿ ಈಜಿದವರಿಗೆ ಕಡಲು ಸುಲಭವೆ?

ಮುಂಗಾರು ಕಳೆಯುತ್ತಿದ್ದಂತೆ ನನಗೆ ಬರುವ ಪತ್ರಗಳೆಲ್ಲ ಒಂದೇ ರಾಗ ಹಾಡತೊಡಗುತ್ತವೆ. 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ) ಶುರುವಾದ ಮೇಲೆ ಈ ರಾಗ ಇನ್ನಷ್ಟು ಜೋರಾಗಿದೆ. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಸೈಕಲ್ಲಿನ ಚಕ್ರ ಯಾವುದಿರಬೇಕು ಎಂದು ವರ್ಷವಿಡೀ ತಲೆ ಕೆಡಿಸಿಕೊಂಡವರು, ಈಜಿನ ಬಗ್ಗೆ ಮಾತ್ರ ಸ್ಪರ್ಧೆಗೆ ಒಂದೂವರೆ ತಿಂಗಳು ಉಳಿದಾಗ ಕೇಳುತ್ತಾರೆ. ಫ್ರೀಸ್ಟೈಲ್‌ನಲ್ಲಿ ಉಸಿರು ತೆಗೆದುಕೊಳ್ಳುವುದು ಹೇಗೆ ಎಂಬಂಥ ಪ್ರಶ್ನೆಗಳನ್ನು ಈ ಸಲ ಬದಿಗಿಟ್ಟಿದ್ದೇನೆ. ಅದು ಓದಿ ಕಲಿಯುವ ವಿದ್ಯೆಯಲ್ಲ.

ಪ್ರಶ್ನೆ: ನನಗೆ 43 ವರ್ಷ, ಸಾಫ್ಟ್‌ವೇರ್ ಉದ್ಯೋಗಿ. ನಮ್ಮ ವಸತಿ ಸಮುಚ್ಚಯದ 25 ಮೀಟರ್ ಕೊಳದಲ್ಲಿ 1900 ಮೀಟರನ್ನು ನಿಲ್ಲದೆ 48 ನಿಮಿಷದಲ್ಲಿ ಮುಗಿಸುತ್ತೇನೆ. ಸ್ಪರ್ಧೆಯ ಗಡುವು 1 ಗಂಟೆ 10 ನಿಮಿಷ. ಸಮುದ್ರದಲ್ಲಿ ಇದುವರೆಗೆ ಈಜಿಲ್ಲ. 22 ನಿಮಿಷ ಕೈಯಲ್ಲಿರುವುದರಿಂದ ಚಿಂತೆಯಿಲ್ಲ ಅಲ್ಲವೆ? (ಬೆಂಗಳೂರು)

ಚಿಂತೆ ಇದೆ. ಮೊದಲಿಗೆ ಆ ‘ನಿಲ್ಲದೆ’ ಎಂಬ ಮಾತನ್ನೇ ನೋಡೋಣ. 25 ಮೀಟರ್ ಕೊಳದಲ್ಲಿ 1900 ಮೀಟರ್ ಎಂದರೆ 76 ಉದ್ದ. ಅಂದರೆ ನೀವು 75 ಸಲ ಗೋಡೆಗೆ ಬಂದು, ಕಾಲಿನಿಂದ ಒದ್ದು, ಮತ್ತೆ ಹೊರಟಿದ್ದೀರಿ. ಪ್ರತಿ ಒದೆತಕ್ಕೂ ನಾಲ್ಕು ಮೀಟರ್ ಕೈ ಆಡಿಸದೆ ಜಾರಿದಿರಿ ಎಂದುಕೊಂಡರೂ 300 ಮೀಟರ್ ಆಯಿತು. ಅಷ್ಟನ್ನು ಈಜಿದ್ದು ಗೋಡೆ, ನೀವಲ್ಲ. ತಿರುಗುವಾಗ ತಲೆ ಎತ್ತಿ ಒಂದು ತುಂಬು ಉಸಿರು ಎಳೆದುಕೊಳ್ಳುತ್ತೀರಲ್ಲ, ಅದೂ ಕಡಲಿನಲ್ಲಿ ಸಿಗುವುದಿಲ್ಲ.

ಎರಡನೆಯದು, ಕೊಳದ ತಳದಲ್ಲಿರುವ ಕಪ್ಪು ಗೆರೆ. ಅದು ಇರುವವರೆಗೆ ಎಲ್ಲರೂ ನೇರವಾಗಿಯೇ ಈಜುತ್ತಾರೆ. ನಮ್ಮಲ್ಲಿ ಬಹುಪಾಲು ಜನ ಒಂದೇ ಬದಿಗೆ ಉಸಿರಾಡುತ್ತಾರೆ, ಒಂದು ಕೈ ಇನ್ನೊಂದಕ್ಕಿಂತ ಹೆಚ್ಚು ಎಳೆಯುತ್ತದೆ. ಗೆರೆ ತೆಗೆದ ಕೂಡಲೇ ಅದು ಬಯಲಾಗುತ್ತದೆ. ದಿಕ್ಕು ಹತ್ತು ಡಿಗ್ರಿ ತಪ್ಪಿದರೆ ಸಾಕು, 100 ಮೀಟರ್ ಈಜುವಷ್ಟರಲ್ಲಿ 17 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಪರೀಕ್ಷೆ ಸುಲಭ: ಕೊಳ ಖಾಲಿಯಿರುವಾಗ, ಹಗ್ಗವಿಲ್ಲದ ಜಾಗದಲ್ಲಿ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ಹತ್ತು ಕೈ ಹಾಕಿ. ಕಣ್ಣು ಬಿಟ್ಟಾಗ ಎಲ್ಲಿದ್ದೀರಿ ಎಂದು ನೋಡಿಕೊಂಡರೆ ನನ್ನ ಮಾತು ಅರ್ಥವಾಗುತ್ತದೆ.

ಇದಕ್ಕೆ ಮದ್ದು ಮುಂದೆ ನೋಡುತ್ತ ಈಜುವುದು. ಆದರೆ ಅದನ್ನು ಹೆಚ್ಚಿನವರು ಮಾಡುವ ರೀತಿ ನೋಡಿದರೆ ಸಂಕಟವಾಗುತ್ತದೆ. ಇಡೀ ತಲೆ ಎತ್ತಿ, ಕತ್ತು ಚಾಚಿ, ಬಾಯಿ ತೆರೆದು ಸುತ್ತ ನೋಡುತ್ತಾರೆ. ಅಷ್ಟರಲ್ಲಿ ಸೊಂಟ ಮುಳುಗಿರುತ್ತದೆ, ವೇಗ ಸತ್ತಿರುತ್ತದೆ. ಮುಂದಿನ ಕೈ ನೀರನ್ನು ಒತ್ತತೊಡಗುವ ಕ್ಷಣದಲ್ಲಿ ಗಾಗಲ್ಸ್ ಮಾತ್ರ ನೀರಿನ ಮೇಲೆ ಬರಬೇಕು, ಬಾಯಿ ಒಳಗೇ ಇರಬೇಕು. ಮೊಸಳೆ ನೋಡುವುದು ಹೀಗೆಯೇ. ನೋಡಿದ್ದೇ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳಿ. ಆರರಿಂದ ಹತ್ತು ಕೈಗೊಮ್ಮೆ ಹೀಗೆ ನೋಡಿದರೆ ಸಾಕು. ದಾರಿ ತೋರಿಸಲು ತೇಲಿಬಿಟ್ಟ ಬಣ್ಣದ ಬೂಯ್ ಅಲೆಯ ಹಿಂದೆ ಮರೆಯಾಗುತ್ತಿರುತ್ತದೆ. ಆದ್ದರಿಂದ ಅದರ ನೇರಕ್ಕೆ ದಡದ ಮೇಲಿರುವ ಒಂದು ಎತ್ತರದ ಕಟ್ಟಡವನ್ನೋ ಮರವನ್ನೋ ಮೊದಲೇ ಗುರುತು ಹಾಕಿಕೊಂಡಿರಿ. ಮುಂದಿನವನ ಕಾಲನ್ನು ನಂಬಿ ಹೋಗುವವರಿದ್ದಾರೆ. ಹಿಂದೆ ಈಜಿದರೆ ಶ್ರಮ ಕಡಿಮೆಯಾಗುವುದು ನಿಜ, ಈಜಿನಲ್ಲಿ ಅದಕ್ಕೆ ಅನುಮತಿಯೂ ಇದೆ. ಆದರೆ ಅವನೇ ದಾರಿ ತಪ್ಪಿದ್ದರೆ?

ಇಷ್ಟೂ ಕೌಶಲದ ಮಾತಾಯಿತು. ನಿಮ್ಮ ಪತ್ರ ನೋಡಿ ನನಗೆ ಹೆದರಿಕೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಒಟ್ಟುಗೂಡಿಸಿ ನೋಡಿದ್ದಾರೆ. 135 ಪ್ರಕರಣಗಳಲ್ಲಿ 90 ಈಜಿನ ಹಂತದಲ್ಲೇ ಆದವು. ಹೆಚ್ಚಿನವರು ಗಂಡಸರು, ಅದರಲ್ಲೂ ನಡುವಯಸ್ಸಿನವರು. ಭಾಗವಹಿಸಿದವರ ಸಂಖ್ಯೆಗೆ ಹೋಲಿಸಿದರೆ ಇದು ಲಕ್ಷಕ್ಕೆ ಎರಡಕ್ಕಿಂತಲೂ ಕಡಿಮೆ ಎಂಬುದನ್ನೂ ಹೇಳಬೇಕು. ಆದರೆ ಬಿಸಿಲಲ್ಲಿ ಓಡುವಾಗ ಆಗುವುದಕ್ಕಿಂತ ಹೆಚ್ಚು ಅನಾಹುತ ನೀರಿನಲ್ಲೇ ಆಗುತ್ತದೆ ಎಂದಮೇಲೆ, 43ರ ನೀವು ಹೃದ್ರೋಗ ತಜ್ಞರನ್ನು ಕಂಡು ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸದೆ ಹೆಸರು ನೋಂದಾಯಿಸಿದ್ದರೆ ಅದು ನನಗೆ ಒಪ್ಪಿಗೆಯಿಲ್ಲ.

ಹೃದಯ ಗಟ್ಟಿಯಿದ್ದವರನ್ನೂ ಕೆಡವುವುದು ಗಾಬರಿ. ಅದು ಬರುವ ಬಗೆ ಹೀಗೆ. ಸೀಟಿ ಊದಿದ ಕೂಡಲೇ ಎಲ್ಲರ ಜತೆ ನುಗ್ಗುತ್ತೀರಿ. ಯಾರದೋ ಮೊಣಕೈ ಗಾಗಲ್ಸ್‌ಗೆ ಬಡಿಯುತ್ತದೆ, ಯಾರೋ ಕಾಲು ಎಳೆದಂತಾಗುತ್ತದೆ, ಕೆಳಗೆ ನೋಡಿದರೆ ನಿಮ್ಮ ಕೈಯೇ ಕಾಣದಷ್ಟು ಕಲಕು ನೀರು. ಉಸಿರು ಎಳೆಯುತ್ತೀರಿ, ಬಿಡುವುದಿಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಗಾಳಿ ಸಾಲದೆಂಬ ಭಾವನೆ ಬರುತ್ತದೆ. ತಲೆ ಎತ್ತುತ್ತೀರಿ, ಕಾಲು ಮುಳುಗುತ್ತದೆ, ಮುಳುಗುತ್ತಿದ್ದೇನೆ ಎನಿಸುತ್ತದೆ. ಕೊಳದಲ್ಲಾದರೆ ಕೈ ಚಾಚಿದರೆ ಗೋಡೆ. ಇಲ್ಲಿ ಏನೂ ಇಲ್ಲ. ನಿಮ್ಮ 48 ನಿಮಿಷಕ್ಕೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಆದ್ದರಿಂದ ಪಕ್ಕದಲ್ಲಿ, ಹಿಂದಿನ ಸಾಲಿನಲ್ಲಿ ನಿಂತು ಹೊರಡಿ. ಅದಕ್ಕೂ ಮೊದಲು ನೀರಿಗಿಳಿದು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮೊದಲ ಇನ್ನೂರು ಮೀಟರ್ ನಾಚಿಕೆಯಾಗುವಷ್ಟು ನಿಧಾನವಾಗಿ ಹೋಗಿ. ಮುಖ ನೀರಿನಲ್ಲಿರುವಾಗ ಗುನುಗಿದಂತೆ ಉಸಿರನ್ನು ಬಿಡುತ್ತಲೇ ಇರಿ. ಗಾಬರಿ ಬಂದರೆ ಅಂಗಾತ ತಿರುಗಿ ಆಕಾಶ ನೋಡುತ್ತ ತೇಲಿ. ಬೇಕೆನಿಸಿದರೆ ಕೈ ಎತ್ತಿ, ಕಾವಲಿನವರ ಪುಟ್ಟ ದೋಣಿ (ಕಯಾಕ್) ಬರುತ್ತದೆ. ಕಯಾಕನ್ನೋ ಬೂಯನ್ನೋ ಹಿಡಿದು ಸುಧಾರಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ, ಅದನ್ನು ಹಿಡಿದು ಮುಂದಕ್ಕೆ ಸಾಗಬಾರದು ಅಷ್ಟೇ. ಇದು ಗೊತ್ತಿಲ್ಲದೆ ಅನರ್ಹಗೊಳ್ಳುತ್ತೇನೆಂದು ಹೆದರಿ ಒದ್ದಾಡುವವರನ್ನು ಪ್ರತಿವರ್ಷ ನೋಡುತ್ತೇನೆ. ಕೆಮ್ಮು ನಿಲ್ಲದೆ ಗುಲಾಬಿ ಬಣ್ಣದ ನೊರೆ ಬಂದರೆ ಸುಧಾರಿಸಿಕೊಳ್ಳುವ ಮಾತೇ ಇಲ್ಲ. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ, ತಕ್ಷಣ ಹೊರಗೆ ಬನ್ನಿ.

ಈಗ ನಿಮ್ಮ ಆರು ವಾರ. ಕೊಳದಲ್ಲಿ ಗೋಡೆ ಮುಟ್ಟುವುದನ್ನು ಬಿಡಿ. ಎರಡು ಮೀಟರ್ ಮೊದಲೇ ತಿರುಗಿ, ಒದೆಯದೆ ಹಿಂದಿರುಗಿ. ಒಂದೇ ಲೇನಿನಲ್ಲಿ ಮೂವರು ಅಕ್ಕಪಕ್ಕ ಈಜಿ, ಬೇಕೆಂದೇ ಮೈಗೆ ಮೈ ತಾಗಲಿ. ವಾರಾಂತ್ಯಗಳಲ್ಲಿ ಕರಾವಳಿಗೆ ಹೋಗಿ. ಬಲ್ಲವರ ಗುಂಪಿನೊಡನೆ, ಲೈಫ್‌ಗಾರ್ಡ್ ಇರುವ ಕಡೆ, ಸೊಂಟಕ್ಕೆ ಬಣ್ಣದ ಗಾಳಿಚೀಲ ಕಟ್ಟಿಕೊಂಡು, ದಡಕ್ಕೆ ಸಮಾಂತರವಾಗಿ ಎದೆಮಟ್ಟದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿ. ಸೆಳೆತ ದಡದಿಂದ ಕಡಲಿನ ಕಡೆಗೆ ಎಳೆದರೆ ಅದರ ಎದುರಿಗೆ ಈಜಬೇಡಿ. ದಡಕ್ಕೆ ಸಮಾಂತರವಾಗಿ ಈಜಿ ಅದರಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಿ. ರಜೆ ಸಿಗಲಿಲ್ಲ, ಒಮ್ಮೆಯೂ ಕಡಲಿಗೆ ಇಳಿಯಲಾಗಲಿಲ್ಲ ಎಂದಾದರೆ ಈ ವರ್ಷ ಸ್ಪರ್ಧೆ ಬೇಡ. ಕಟ್ಟಿದ ಶುಲ್ಕ ಹೋಗಲಿ. ನಾನು ಅತಿ ಪುಕ್ಕಲ ಎನ್ನುವ ಕೋಚ್‌ಗಳಿದ್ದಾರೆ. ಅನ್ನಲಿ.

ಪ್ರಶ್ನೆ: ಈಜುಕೊಳದಲ್ಲಿ ನಡೆಸುವ ಟ್ರಯಥ್ಲಾನ್ ನಿಜವಾದ ಟ್ರಯಥ್ಲಾನ್ ಅಲ್ಲ ಎಂದು ಗೆಳೆಯರು ಹಂಗಿಸುತ್ತಾರೆ. (ಮೈಸೂರು)

ಹಂಗಿಸುವವರು ಒಂದು ಲೇನಿನಲ್ಲಿ ಹೋಗಿ, ಹಗ್ಗದ ಕೆಳಗೆ ನುಸುಳಿ, ಪಕ್ಕದ ಲೇನಿನಲ್ಲಿ ಹಿಂದಿರುಗುವ ಹಾವಿನ ನಡೆಯಲ್ಲಿ 750 ಮೀಟರ್ ಈಜಿ ತೋರಿಸಲಿ. ಮೊದಲ ಸ್ಪರ್ಧೆಗೆ ಕೊಳಕ್ಕಿಂತ ಒಳ್ಳೆಯ ಜಾಗವಿಲ್ಲ: ದೂರ ಪಕ್ಕಾ, ನೀರು ತಿಳಿ, ಕಾವಲಿನವರಿಗೆ ಪ್ರತಿಯೊಬ್ಬರೂ ಕಾಣುತ್ತಾರೆ. ತೆರೆದ ನೀರನ್ನು ಯಾರೂ ಪೂರ್ತಿ ನಂಬುವಂತಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಳೆ ಬಂದು ಸೇನ್ ನದಿಯ ನೀರು ಕೆಟ್ಟಿತೆಂದು ಪುರುಷರ ಸ್ಪರ್ಧೆಯನ್ನೇ ಒಂದು ದಿನ ಮುಂದೂಡಿದರು.

ಪ್ರಶ್ನೆ: ನೀರಿಗಿಳಿಯುವ ಮುನ್ನ ನೂರು ಸಲ ಭಸ್ತ್ರಿಕಾ ಮಾಡಿ, ನಂತರ ಉಸಿರು ಹಿಡಿದು ನೀರಿನಡಿ ಈಜಿದರೆ ಶ್ವಾಸಕೋಶದ ಶಕ್ತಿ ದುಪ್ಪಟ್ಟಾಗುತ್ತದೆ ಎಂದು ನಮ್ಮ ತರಬೇತುದಾರರು ಹೇಳುತ್ತಾರೆ. (ದಾವಣಗೆರೆ)

ಆ ತರಬೇತುದಾರರನ್ನು ಇಂದೇ ಬಿಡಿ. ಪ್ರಾಣಾಯಾಮದ ಬಗ್ಗೆ ನನಗೆ ಗೌರವವಿದೆ, ಚಾಪೆಯ ಮೇಲೆ. ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ‘ಉಸಿರು ಬೇಕು’ ಎಂದು ಮಿದುಳಿಗೆ ಎಚ್ಚರಿಕೆ ಕೊಡುವುದು ಮುಖ್ಯವಾಗಿ ಅದೇ. ಎಚ್ಚರಿಕೆ ತಡವಾಗುತ್ತದೆ, ಅಷ್ಟರಲ್ಲಿ ಆಮ್ಲಜನಕ ಮುಗಿದು ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತದೆ. ನರಳಾಟ, ಕೈಕಾಲು ಬಡಿಯುವುದು ಏನೂ ಇಲ್ಲದ್ದರಿಂದ ಮೇಲೆ ನಿಂತವರಿಗೆ ಆತ ಸುಮ್ಮನೆ ಮುಳುಗಿ ಈಜುತ್ತಿದ್ದಾನೆ ಎಂದೇ ಕಾಣುತ್ತದೆ. ಚೆನ್ನಾಗಿ ಈಜುವ ಹುಡುಗರು ನಾಲ್ಕಡಿ ನೀರಿನಲ್ಲಿ ಸಾಯುವುದು ಹೀಗೆ. ಅಷ್ಟಕ್ಕೂ ಟ್ರಯಥ್ಲಾನ್‌ನಲ್ಲಿ ಉಸಿರು ಹಿಡಿಯುವ ಕೆಲಸವೇ ಇಲ್ಲ, ಬಿಡುವ ಕೆಲಸವಿದೆ.

ಪ್ರಶ್ನೆ: ಗೋವಾ ಸ್ಪರ್ಧೆಗೆ ಯಾವ ವೆಟ್‌ಸೂಟ್ ಕೊಳ್ಳಲಿ? (ಹುಬ್ಬಳ್ಳಿ)

ಕೊಳ್ಳಬೇಡಿ. ಅದು ತಣ್ಣನೆಯ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು. ಐರನ್‌ಮ್ಯಾನ್ ನಿಯಮದಂತೆ ನೀರು 24.5 ಡಿಗ್ರಿ ದಾಟಿದರೆ ವೆಟ್‌ಸೂಟ್ ತೊಟ್ಟವರಿಗೆ ಬಹುಮಾನವಿಲ್ಲ, ಇನ್ನೂ ಬಿಸಿಯಾದರೆ ತೊಡುವಂತೆಯೇ ಇಲ್ಲ. ಗೋವಾದ ಕಡಲು ಆ ದಿನಗಳಲ್ಲಿ 28ರ ಆಸುಪಾಸಿನಲ್ಲಿರುತ್ತದೆ. ಅಂಗಡಿಯವನು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ಉಪ್ಪು ನೀರಿನಲ್ಲಿ ದೇಹ ತಾನಾಗಿಯೇ ತೇಲುತ್ತದಂತೆ. ಹಾಗಾದರೆ ಸಮುದ್ರವೇ ಸುಲಭವಲ್ಲವೆ? (ಕಲಬುರಗಿ)

ಸಿಹಿ ನೀರಿಗಿಂತ ಕಡಲ ನೀರು ಶೇ 2.5ರಷ್ಟು ಭಾರ. ಅಷ್ಟರ ಬಲದ ಮೇಲೆ ಅಲೆಯನ್ನು ಎದುರಿಸುತ್ತೀರಾದರೆ ನಿಮಗೆ ನನ್ನ ಉತ್ತರ ಬೇಕಿಲ್ಲ.

ಪ್ರಶ್ನೆ: ಹಳ್ಳಿಯ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಕಲಿತವನು ನಾನು. ಕೊಳಕ್ಕೆ ಹೋಗಲೇಬೇಕೆ? (ತುಮಕೂರು)

ಹೋಗಬೇಕು, ಆದರೆ ತಲೆ ತಗ್ಗಿಸಿಕೊಂಡು ಹೋಗಬೇಕಿಲ್ಲ. ತಳ ಕಾಣದ ನೀರಿಗೆ ಹೆದರದಿರುವುದನ್ನು ನಗರದವರಿಗೆ ಕಲಿಸಲು ನನಗೆ ತಿಂಗಳುಗಟ್ಟಲೆ ಹಿಡಿಯುತ್ತದೆ; ನಿಮಗೆ ಅದು ಹತ್ತು ವರ್ಷಕ್ಕೇ ಬಂದಿದೆ. ಬಾವಿ ಈಜಿನ ದೋಷ ಒಂದೇ: ತಲೆ ಸದಾ ಮೇಲೆ, ಸೊಂಟ ಕೆಳಗೆ. ಹಾಗೆ 1900 ಮೀಟರ್ ಹೋದರೆ ಕತ್ತು ಮತ್ತು ಭುಜ ಸೋತು ಹೋಗುತ್ತವೆ. ಮುಖ ನೀರಿನಲ್ಲಿಟ್ಟು ಉಸಿರು ಬಿಡುವುದನ್ನು ಕೊಳದಲ್ಲಿ ಕಲಿಯಿರಿ. ಒಂದು ವೇಳೆ ಫ್ರೀಸ್ಟೈಲ್ ಕೊನೆಗೂ ಕೈಹಿಡಿಯದಿದ್ದರೆ ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು, ನಿಯಮ ಅಡ್ಡಬರುವುದಿಲ್ಲ. ಗಡುವಿನೊಳಗೆ ಮುಗಿಸಿದರಾಯಿತು.

ಪ್ರಶ್ನೆ: ಕರಾವಳಿ ದೂರ. ಬೆಂಗಳೂರಿನ ಕೆರೆಯಲ್ಲೋ ಜಲಾಶಯದ ಹಿನ್ನೀರಿನಲ್ಲೋ ಅಭ್ಯಾಸ ಮಾಡಬಹುದೆ?

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಕಂಡ ಊರಿನಿಂದ ಈ ಪ್ರಶ್ನೆ ಬರುತ್ತದೆ ಎಂಬುದೇ ಆಶ್ಚರ್ಯ. ಹಿನ್ನೀರಿಗೆ ಅನುಮತಿಯಿಲ್ಲದೆ ಇಳಿಯಬೇಡಿ. ಅಡಿಯಲ್ಲಿ ಮುಳುಗಿದ ಮರ, ಕೆಸರು, ಮೀನುಗಾರರ ಬಲೆ ಇರುತ್ತವೆ, ಕೂಗಿದರೆ ಕೇಳಲು ಯಾರೂ ಇರುವುದಿಲ್ಲ.

ಪ್ರಶ್ನೆ: ಜೆಲ್ಲಿ ಮೀನು ಕುಟುಕಿದರೆ ಮೂತ್ರ ಸುರಿಯಬೇಕಂತೆ, ನಿಜವೆ? (ಉಡುಪಿ)

ಸುಳ್ಳು, ಹೇಸಿಗೆ ಬೇರೆ. ಕಡಲ ನೀರಿನಲ್ಲೇ ತೊಳೆಯಿರಿ, ಅಂಟಿಕೊಂಡ ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ತೆಗೆಯಿರಿ, ಮರಳಿನಿಂದ ಉಜ್ಜಬೇಡಿ. ಆಮೇಲೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆ.

ಪ್ರಶ್ನೆ: ಗಾಗಲ್ಸ್ ಪಾರದರ್ಶಕವಿರಲೋ ಬಣ್ಣದ್ದಿರಲೋ? (ಶಿವಮೊಗ್ಗ)

ಕೊನೆಗೂ ಒಂದು ಬುದ್ಧಿವಂತ ಪ್ರಶ್ನೆ. ಒಳಾಂಗಣ ಕೊಳಕ್ಕೆ ಪಾರದರ್ಶಕ ಸಾಕು. ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಹೊತ್ತು ದಡದ ಕಡೆ ತಿರುಗಿದಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ, ಬೂಯ್ ಕಾಣುವುದೇ ಇಲ್ಲ. ಅಲ್ಲಿಗೆ ಕಡುಬಣ್ಣದ ಗಾಜು ಬೇಕು. ಹೊಸದನ್ನು ಸ್ಪರ್ಧೆಯ ದಿನ ಮೊದಲ ಸಲ ತೊಡಬೇಡಿ. ಪಟ್ಟಿಯನ್ನು ಟೋಪಿಯ ಒಳಗೆ ಹಾಕಿ, ಯಾರ ಕೈ ಬಡಿದರೂ ಕಳಚಿ ಹೋಗುವುದಿಲ್ಲ. ಉಪ್ಪು ನೀರು ಕತ್ತು, ಕಂಕುಳನ್ನು ಉಜ್ಜಿ ಗಾಯ ಮಾಡುವುದರಿಂದ ವ್ಯಾಸಲೀನ್ ಹಚ್ಚಿಕೊಳ್ಳುತ್ತೀರಲ್ಲ, ಗಾಗಲ್ಸ್ ಮುಟ್ಟುವ ಮೊದಲು ಆ ಕೈಯನ್ನು ಒರೆಸಿಕೊಳ್ಳಿ.